ಫಲಕದ ಗೋಡೆಯ ಗೇಲನ್

"ಪ್ರೂಯಿಟ್ ಮನೇಲಿ ಸುತ್ತಿಗೆ ಸದ್ದು ಕೇಳಿದ್ರೆ ಮನೆ ರಿಪೇರಿ ಅಂತ ತಿಳ್ಕೋಬೇಡಿ. ಆ ಮಹಾರಾಯ ಇನ್ನೊಂದು ಮೊಳೆ ಹೊಡೀತಿದಾನೆ, ಅಷ್ಟೆ," ಎಂದು ಡೋವರ್ ಬೆಂಡ್ ಊರಿನ ನೆರೆಹೊರೆಯವರು ಹೇಳುತ್ತಿದ್ದರು. ಎದುರುಮನೆಯ ಮರ್ಲ್ ಆಸ್ಟ್ರಾಂಡರ್ ಅಷ್ಟಕ್ಕೇ ಬಿಡುತ್ತಿರಲಿಲ್ಲ. "ಆ ಸೂರು ಗೋಡೆ ಮೇಲೆ ನಿಂತಿಲ್ಲ ಕಣ್ರಯ್ಯಾ, ಪ್ರಶಸ್ತಿ ಫಲಕದ ಮೇಲೆ ನಿಂತಿದೆ. ಒಂದು ಕಿತ್ತು ನೋಡಿ, ಮನೆ ಕೂತ್ಕೊಳುತ್ತೆ," ಎನ್ನುತ್ತಿದ್ದ.

ಮರ್ಲ್‌ನ ಹೆಂಡತಿ ಓಪಲ್ ಹೇಳುತ್ತಿದ್ದುದು ಸುಂಟರಗಾಳಿಯ ಕತೆ. ಒಂದು ವರ್ಷ ಬೇಸಿಗೆಯಲ್ಲಿ ಊರ ಸೈರನ್ನು ಕೂಗಿತು. ಸೈರನ್ನು ಕೂಗಿದರೆ ನೆಬ್ರಾಸ್ಕದ ಜನಕ್ಕೆ ಬೇರೆ ಹೇಳಬೇಕಾಗಿಲ್ಲ. ಮಕ್ಕಳನ್ನೋ ನಾಯಿಯನ್ನೋ ಕೈಗೆ ಸಿಕ್ಕಿದ್ದನ್ನು ಬಾಚಿಕೊಂಡು ನೆಲಮಾಳಿಗೆಗೆ ಇಳಿಯುತ್ತಾರೆ. ಗೇಲನ್ ಪ್ರೂಯಿಟ್ ಬಾಚಿಕೊಂಡದ್ದು ಫಲಕಗಳನ್ನು. ಬಟ್ಟೆ ಒಗೆಯುವ ಬುಟ್ಟಿಯಲ್ಲಿ ತುಂಬಿ ತುಂಬಿ ಕೆಳಗಿಳಿಸಿದ. ಮಂಡಿನೋವಿನ ಅತ್ತೆ ಮೆಟ್ಟಿಲ ತಲೆಯಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಳು. ಅಳಿಯ ಅವಳನ್ನು ಬಳಸಿಕೊಂಡು ಇಳಿದ, ಬಳಸಿಕೊಂಡು ಹತ್ತಿದ. ಕೊನೆಗೆ ಮುದುಕಿಯನ್ನು ಇಳಿಸಿದವಳು ರಸ್ತೆ ದಾಟಿ ಓಡಿಬಂದ ಓಪಲ್. ಗಾಳಿಯೇನೋ ಊರಾಚೆಯ ಹಂದಿಗೂಡೊಂದನ್ನು ಎತ್ತಿಕೊಂಡು ಹೋಯಿತು, ಊರು ಉಳಿಯಿತು. ಅತ್ತೆ ಮಾತ್ರ ಸಾಯುವವರೆಗೂ ಬಂದವರ ಮುಂದೆಲ್ಲ ಹೇಳಿದಳು: "ನನ್ನ ಹಣೆ ಮೇಲೆ ಅವನ ಹೆಸರು ಕೆತ್ತಿಸ್ಕೊಂಡಿದ್ರೆ ನನ್ನನ್ನೂ ಮೊದಲೇ ಇಳಿಸ್ತಿದ್ದ."

ಇಂಥ ಗೇಲನ್ ಪ್ರೂಯಿಟ್ ಊರ ಕಮ್ಯುನಿಟಿ ಕಾಲೇಜಿನಲ್ಲಿ ತಂತ್ರವಿದ್ಯೆಯ ವಿಭಾಗಕ್ಕೆ ಮುಖ್ಯಸ್ಥ. ಜೋಳದ ಹೊಲದ ಮಕ್ಕಳು ಎರಡು ವರ್ಷ ಬಂದು, ಬೆಸುಗೆಯನ್ನೋ ಲೇತನ್ನೋ ಕಲಿತು, ಕಾರ್ಖಾನೆ ಸೇರಿ ಹೊಟ್ಟೆ ಹೊರೆದುಕೊಳ್ಳುವ ಕಾಲೇಜು ಅದು. ಗೇಲನ್ ಅಲ್ಲಿಗೆ ಹರೆಯದಲ್ಲೇ ಮೇಷ್ಟರಾಗಿ ಬಂದ. ಬಂದ ವರ್ಷವೇ ರಾಜ್ಯದ ಯಾವುದೋ ಸಂಘದವರು ಅತಿ ಚೊಕ್ಕ ವರ್ಕ್‌ಶಾಪಿಗೆ ಬಹುಮಾನ ಎಂದು ಸಾರಿದರು. ಗೇಲನ್‌ನ ವರ್ಕ್‌ಶಾಪು ಗೆದ್ದಿತು. ಗೆಲ್ಲದೆ ಏನು? ಅಲ್ಲಿ ಆ ವರ್ಷ ಯಾರೂ ಕೆಲಸವನ್ನೇ ಮಾಡಿರಲಿಲ್ಲ. ಕಲಿಸುವ ಪಾಠ ಯಾವುದೆಂದು ಅವನಿನ್ನೂ ಯೋಚಿಸುತ್ತಲೇ ಇದ್ದ.

ಅವತ್ತು ಅವನಿಗೆ ಜ್ಞಾನೋದಯವಾಯಿತು. ಕೆಲಸ ನಡೆದರೆ ಕೊಳೆಯಾಗುತ್ತದೆ, ಕೊಳೆಯಾದರೆ ಫಲಕ ಬರುವುದಿಲ್ಲ. ಬೇರೆಯವರಾದರೆ ಇಂಥದ್ದು ಹೊಳೆದಾಗ ನಾಚಿಕೊಳ್ಳುತ್ತಾರೆ. ಗೇಲನ್ ಮನೆಗೆ ಹೋಗಿ ಮೊದಲ ಮೊಳೆ ಹೊಡೆದ.

ಆಮೇಲಿನದು ಸಲೀಸು. ಪಕ್ಕದ ಜಿಲ್ಲೆಯ ಇನ್ನೊಂದು ಕಾಲೇಜಿನಲ್ಲಿ ರಾಸ್ಕೋ ಟಿಲರ್ ಎಂಬ ಇಂಥವನೇ ಒಬ್ಬನಿದ್ದ. ನೀ ಸತ್ತಂಗೆ ಮಾಡು, ನಾ ಅತ್ತಂಗೆ ಮಾಡ್ತೀನಿ ಎಂಬ ಒಪ್ಪಂದವಾಯಿತು. ಒಂದು ವರ್ಷ ಗೇಲನ್ ರಾಸ್ಕೋನನ್ನು ಹೊಗಳಿ ಹೆಸರು ಸೂಚಿಸುವುದು, ಮುಂದಿನ ವರ್ಷ ರಾಸ್ಕೋ ಗೇಲನ್‌ನನ್ನು. "ದಾರ್ಶನಿಕ" ಎಂದು ಇವನು ಬರೆದರೆ "ದಾರಿದೀಪ" ಎಂದು ಅವನು. ಇಬ್ಬರೂ ಒಬ್ಬರ ತರಗತಿಯನ್ನೊಬ್ಬರು ಕಣ್ಣಲ್ಲಿ ಕಂಡವರಲ್ಲ. ಆಕ್ರೋಟಿನ ಹಲಗೆ, ಹಿತ್ತಾಳೆಯ ತಗಡು, ತಗಡಿನ ಮೇಲೆ ಹೆಸರು. ಹಜಾರ ತುಂಬಿತು, ಊಟದ ಮನೆ ತುಂಬಿತು, ಬಚ್ಚಲಿಗೆ ಹೋಗುವ ಓಣಿಯೂ ತುಂಬಿತು. ಮನೆ ಅವನದಲ್ಲ, ಹೆಂಡತಿ ಆರ್ಲಿಸಳ ತವರಿನದು. ಗೋಡೆ ಅವಳದು, ಮೊಳೆ ಇವನದು.

ಸರ್ಕಾರದ ಅನುದಾನದಲ್ಲಿ ಕಾಲೇಜಿಗೆ ಸಿಎನ್‌ಸಿ ಮೆಷಿನ್ ಬಂದದ್ದು ಇದರ ನಡುವೆ. ಕಂಪ್ಯೂಟರಿನಲ್ಲಿ ಅಳತೆ ಬರೆದುಕೊಟ್ಟರೆ ಉಕ್ಕಿನ ದಿಮ್ಮಿಯನ್ನು ಬೆಣ್ಣೆಯ ಹಾಗೆ ಕೊರೆದುಕೊಡುವ ಯಂತ್ರ. ಅಕ್ಕಪಕ್ಕದ ಯಾವ ಕಾಲೇಜಿನಲ್ಲೂ ಇಲ್ಲದ್ದು. ಹುಡುಗರು ಕೈ ಉಜ್ಜಿಕೊಂಡರು. ಗೇಲನ್ ಅದರ ಸುತ್ತ ಹಳದಿ ಸರಪಳಿ ಕಟ್ಟಿಸಿದ.

"ನೋಡಿ, ಕಲೀರಿ, ಮುಟ್ಟಬೇಡಿ. ಅತಿಥಿಗಳು ಬರ್ತಾರೆ," ಎಂದ.

ಅತಿಥಿಗಳು ಬಂದರು, ಬರುತ್ತಲೇ ಇದ್ದರು. ಹುಡುಗರು ಸರಪಳಿಯ ಆಚೆ ನಿಂತು, ಮೆಷಿನ್ನಿನ ಗುಂಡಿಗಳ ಚಿತ್ರ ಬಿಡಿಸಿದ್ದ ರಟ್ಟಿನ ಮೇಲೆ ಬೆರಳೊತ್ತಿ ಅಭ್ಯಾಸ ಮಾಡಿದರು. ಈಜು ಕಲಿಸುವವನು ಕೆರೆಯ ಪಟ ತೋರಿಸಿದಂತೆ. ಅಡೆಲಾ ಕೂಬಿಚೆಕಳ ತಂಗಿಯ ಮಗ ಎಮೆಟ್ ಅಂಥ ರಟ್ಟಿನ ವಿದ್ಯೆಯಲ್ಲೇ ಪಾಸಾಗಿ ದೂರದ ಕಾರ್ಖಾನೆಯೊಂದಕ್ಕೆ ಹೋದ. "ಶುರು ಮಾಡಪ್ಪ," ಎಂದರಂತೆ. ಅವನು ಬೆರಳು ಮುಂದೆ ಮಾಡಿ ನಿಂತೇ ಇದ್ದನಂತೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಮನೆಗೆ ಕಳಿಸಿದರು. ಈಗ ಹಂದಿ ಲಾರಿಗೆ ಹಂದಿ ಹತ್ತಿಸುತ್ತಾನೆ.

ಅಡೆಲಾ ಎಂದರೆ ಕಾಲೇಜಿನ ಕ್ಯಾಂಟೀನಿನ ಅಡುಗೆಯವಳು. ಚಳಿಗಾಲದಲ್ಲಿ ಅವಳು ಮಾಡುವ ಬೀನ್ಸು-ಕೈಮಾದ ಚಿಲಿ, ಅದರ ಜೊತೆಗೆ ಚಕ್ಕೆಬನ್ನು, ಅಂದರೆ ದಾಲ್ಚಿನ್ನಿ ಸಕ್ಕರೆ ಹಾಕಿ ಸುತ್ತಿದ ಸಿಹಿ ಬನ್ನು. ಚಿಲಿಗೆ ಚಕ್ಕೆಬನ್ನು ಅದ್ದಿಕೊಂಡು ತಿನ್ನದವನು ಆ ಸೀಮೆಯವನೇ ಅಲ್ಲ. ಅವಳ ಬನ್ನಿನ ವಾಸನೆಗೆ ಪಾಠಗಳು ಬೇಗ ಮುಗಿಯುತ್ತಿದ್ದವು. ಕಾಲೇಜಿನಲ್ಲಿ ಕಲಿತದ್ದು ಏನಾದರೂ ನೆನಪಿದೆಯೇ ಎಂದು ಊರಿನ ಯಾರನ್ನು ಕೇಳಿದರೂ ಮೊದಲು ಬನ್ನಿನ ಮಾತೇ ಬರುತ್ತಿತ್ತು.

ಒಂದು ದಿನ ಫೋಟೋದವನು ಬಂದ. ಹುಡುಗರನ್ನು ನೋಡಿ ಮುಖ ಹಿಂಡಿದ. ಬೀಜದ ಕಂಪನಿಯ ಟೋಪಿ, ಗಡ್ಡ, ಬೂಟಿಗೆ ಸಗಣಿ. "ಹೆಂಗಸರು ಯಾರೂ ಇಲ್ವಾ? ಈಗೆಲ್ಲ ಹೆಂಗಸರಿದ್ರೆ ಚೆನ್ನ," ಎಂದ. ಅಷ್ಟು ಹೊತ್ತಿಗೆ ಸರಿಯಾಗಿ ಅಡೆಲಾ ಬನ್ನಿನ ತಟ್ಟೆ ಹಿಡಿದುಕೊಂಡು ಬಂದಳು. ಗೇಲನ್ ತಟ್ಟೆ ಕಿತ್ತುಕೊಂಡು ಅವಳಿಗೊಂದು ಬಿಳಿ ಕೋಟು ತೊಡಿಸಿದ, ಕಣ್ಣಿಗೆ ವರ್ಕ್‌ಶಾಪಿನ ಕನ್ನಡಕ ಏರಿಸಿದ, ಸರಪಳಿ ದಾಟಿಸಿ ನಿಲ್ಲಿಸಿದ.

"ಅಲ್ಲಿ ಒಳಗೆ ನೋಡು. ಏನನ್ನೂ ಮುಟ್ಟಬೇಡ."

ಫೋಟೋದಲ್ಲಿ ಅಡೆಲಾ ಮೆಷಿನ್ನಿನ ಗಾಜಿನೊಳಗೆ ಇಣುಕುತ್ತಿದ್ದಾಳೆ, ಭವಿಷ್ಯವನ್ನೇ ಕಾಣುವವಳ ಹಾಗೆ. ನಿಜವಾಗಿ ಅವಳು ನೋಡಿಕೊಳ್ಳುತ್ತಿದ್ದುದು ಗಾಜಿನಲ್ಲಿ ಕಂಡ, ಅಡುಗೆಯವರು ಕೂದಲಿಗೆ ಹಾಕುವ ತನ್ನ ಬಲೆಯನ್ನು. ಆ ಪಟ ಕಾಲೇಜಿನ ಪುಸ್ತಿಕೆಗೆ ಏರಿತು, ಹೆದ್ದಾರಿಯ ದೊಡ್ಡ ಹಲಗೆಗೆ ಏರಿತು, ಗೇಲನ್‌ಗೆ ಮತ್ತಷ್ಟು ಫಲಕ ತಂದಿತು. ಬನ್ನು ತಿಂದವನು ಫೋಟೋದವನು.

ಗೇಲನ್ ನಿವೃತ್ತನಾಗುವ ಕಾಲ ಬಂತು. ದೇಶದ ಸಂಘದವರು ಕಮ್ಯುನಿಟಿ ಕಾಲೇಜುಗಳ ತಂತ್ರಶಿಕ್ಷಣಕ್ಕೆ ಅಪೂರ್ವ ಸೇವೆ ಸಲ್ಲಿಸಿದವರಿಗೆ ಕೊಡುವ ಪ್ರಶಸ್ತಿಯೊಂದು ಅವನಿಗಿನ್ನೂ ದಕ್ಕಿರಲಿಲ್ಲ. ಜ್ವಾಲೆಯ ಆಕಾರದ ದೊಡ್ಡ ಗಾಜು. ಅದೊಂದು ಬಾರದೆ ಮನೆಗೆ ಹೋದರೆ ಇಷ್ಟು ವರ್ಷ ಬದುಕಿದ್ದೇ ದಂಡ ಎಂದು ಅವನ ಲೆಕ್ಕ. ಅದಕ್ಕೆಂದೇ ಅಗ್ಗಿಷ್ಟಿಕೆಯ ಮೇಲೆ, ಮನೆಯ ಹಣೆಯಂಥ ಜಾಗದಲ್ಲಿ, ಗೂಡು ಖಾಲಿ ಮಾಡಿಟ್ಟಿದ್ದ. ಖಾಲಿ ಮಾಡಿದ್ದು ಎಂದರೆ ಆರ್ಲಿಸಳ ಅಜ್ಜಿಯ ಗಡಿಯಾರವನ್ನು ಇಳಿಸಿ ಗ್ಯಾರೇಜಿಗೆ ಹಾಕಿದ್ದ.

ಒಂದು ಬೆಳಿಗ್ಗೆ ಫೋನು ಬಂತು. ಸಂಘದ ಅಧ್ಯಕ್ಷೆ ಡಾಕ್ಟರ್ ಕೊರಿನ್ ಬ್ಯಾಲ್ಯೂ. ಆಯ್ಕೆ ಆಗಿದೆ, ಸಮಾರಂಭ ನಿಮ್ಮ ಕಾಲೇಜಿನಲ್ಲೇ, ನಾವೆಲ್ಲ ಬರುತ್ತೇವೆ. ಗೇಲನ್ ಕುರ್ಚಿಯಲ್ಲಿದ್ದವನು ಎದ್ದು ನಿಂತು ಮಾತಾಡಿದ.

"ಒಂದೇ ಒಂದು ಕೋರಿಕೆ," ಎಂದಳಾಕೆ. "ಆ ಫೋಟೋದಲ್ಲಿರೋ ನಿಮ್ಮ ವಿದ್ಯಾರ್ಥಿನಿ ಇದಾರಲ್ಲ, ನಮ್ಮ ಸಮಿತಿಯವರೆಲ್ಲ ಮನಸೋತಿರೋದು ಅವರಿಗೇ. ಪ್ರಶಸ್ತಿ ಅವರ ಕೈಯಿಂದಲೇ ಕೊಡಿಸ್ತೀವಿ. ನಿಮ್ಮ ಹತ್ರ ಏನು ಕಲಿತ್ರು ಅಂತ ಎರಡು ಮಾತು ಆಡ್ಲಿ. ಅವರಿಲ್ದೆ ಸಮಾರಂಭಕ್ಕೆ ಕಳೆಯಿಲ್ಲ."

ಎದ್ದವನು ಕೂತ.

ಮೊದಲು ಅವನಿಗೆ ಹೊಳೆದ ಉಪಾಯ ಅವನ ಯೋಗ್ಯತೆಗೆ ತಕ್ಕದ್ದೇ. ಆರ್ಲಿಸ್ ಪಾತ್ರೆ ತೊಳೆಯುತ್ತಿದ್ದಳು. ಹಿಂದೆ ಹೋಗಿ ನಿಂತು, "ಆ ಕನ್ನಡಕ ಹಾಕ್ಕೊಂಡ್ರೆ ಯಾರು ಯಾರೂಂತ ಗೊತ್ತಾಗಲ್ಲ ಅಲ್ವಾ ಆರ್ಲಿಸ್? ನಿನಗೂ ಆ ಬಿಳಿ ಕೋಟು ಒಪ್ಪುತ್ತೆ," ಎಂದ.

ಆರ್ಲಿಸ್ ತಿರುಗಲೂ ಇಲ್ಲ. "ಇಷ್ಟು ವರ್ಷ ನಿನ್ನ ಹೆಂಡ್ತಿ ಪಾತ್ರ ಮಾಡಿದೀನಿ. ಅದಕ್ಕೇ ಯಾರೂ ಒಂದು ಫಲಕ ಕೊಟ್ಟಿಲ್ಲ. ಹೊಸ ಪಾತ್ರ ಬೇಡಪ್ಪ ನಂಗೆ."

ವಿಧಿಯಿಲ್ಲದೆ ಕ್ಯಾಂಟೀನಿಗೆ ಹೋದ. ಎಷ್ಟೋ ವರ್ಷದಿಂದ ಅವಳ ಅಡುಗೆ ತಿಂದಿದ್ದರೂ ಅಡುಗೆಮನೆಯ ಬಾಗಿಲು ದಾಟಿದ್ದು ಅವತ್ತೇ ಮೊದಲು. ಅಡೆಲಾ ಹಿಟ್ಟು ನಾದುತ್ತಿದ್ದಳು.

"ಏನು ಪ್ರೂಯಿಟ್ ಸಾಹೇಬ್ರು ಹೊಗೆಗೂಡಿಗೆ ಇಳಿದ್ಬಿಟ್ರಿ! ಸೈರನ್ ಕೂಗ್ತಾ?"

ಗೇಲನ್ ನಕ್ಕಂತೆ ಮಾಡಿ ವಿಷಯ ಹೇಳಿದ. ಕನ್ನಡಕ ಹಾಕಿಕೊಂಡು ವೇದಿಕೆ ಹತ್ತಬೇಕು, ಪ್ರೂಯಿಟ್ ಸಾಹೇಬರಿಂದ ಈ ಮೆಷಿನ್ ಕಲಿತೆ, ಬಾಳು ಬೆಳಗಿತು ಎನ್ನಬೇಕು.

"ಈಗ ಯಾವ ಕಾಲ ಗೊತ್ತಾ ನಿಮಗೆ?" ಎಂದಳು ಅಡೆಲಾ.

"ಮಾರ್ಚಿ."

"ತಪಸ್ಸುಕಾಲ. ಈಸ್ಟರ್‌ವರೆಗೆ ನಾನು ಶುಕ್ರವಾರ ಮಾಂಸ ಮುಟ್ಟಲ್ಲ, ಸಕ್ಕರೆ ಮುಟ್ಟಲ್ಲ, ಸುಳ್ಳು ಹೇಳಲ್ಲ. ಫಾದರ್ ಮುಂದೆ ಮಂಡಿಯೂರಿ ಪಾಪ ಒಪ್ಪಿಸ್ಬೇಕಾದೋಳು ನಾನು ಸ್ವಾಮಿ, ನಿಮ್ಮ ಫಲಕ ಅಲ್ಲ."

"ಸುಳ್ಳೇನು ಇದರಲ್ಲಿ, ಒಂದೆರಡು ಒಳ್ಳೆ ಮಾತು..."

"ಹಾಗಾದ್ರೆ ಕಲಿಸಿ." ಅಡೆಲಾ ಕೈಯ ಹಿಟ್ಟು ಕೊಡವಿಕೊಂಡಳು. "ಬನ್ನಿ, ಈಗ್ಲೇ ಕಲಿಸಿ. ಒಂದು ತುಂಡು ಕಬ್ಬಿಣ ಕೊರೆದು ತೋರಿಸ್ತೀನಿ. ಆಮೇಲೆ ಕಲಿತೆ ಅಂತ ಬೆಟ್ಟದ ಮೇಲೆ ನಿಂತು ಕೂಗು ಅಂದ್ರೂ ಕೂಗ್ತೀನಿ. ನಮ್ಮ ಎಮೆಟ್‌ಗೆ ಸಿಗದ ವಿದ್ಯೆ ದೊಡ್ಡಮ್ಮನಿಗಾದ್ರೂ ಸಿಗಲಿ."

ಗೇಲನ್‌ಗೆ ಹೊಸ ಒಲೆಯ ಆಸೆ ತೋರಿಸಿ ನೋಡೋಣ ಎನಿಸಿತು. ತೋರಿಸಿದ. ಅಡೆಲಾ ಆಗಲೇ ಏಪ್ರನ್ ಬಿಚ್ಚಿ ಮುಂದೆ ನಡೆದಿದ್ದಳು.

ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಗೇಲನ್ ಹಳದಿ ಸರಪಳಿಯ ಕೊಂಡಿ ಬಿಚ್ಚಿದ. ಮೆಷಿನ್ ಬಂದ ದಿನ ಹೇಗಿತ್ತೋ ಹಾಗೇ ಇತ್ತು, ಮದುಮಗಳ ಹಾಗೆ ಹೊಳೆಯುತ್ತಿತ್ತು. ಅವನು ಅದರ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ. ಸ್ವಾಗತ ಭಾಷಣ ಮಾಡಲು ಬರುತ್ತಿತ್ತು, ರಿಬ್ಬನ್ ಕತ್ತರಿಸಲು ಬರುತ್ತಿತ್ತು. ಶುರು ಮಾಡಲು ಬರುತ್ತಿರಲಿಲ್ಲ. ಹಸಿರು ಗುಂಡಿ ಒತ್ತಿದ. ಏನೂ ಆಗಲಿಲ್ಲ. ಕೆಂಪು ಒತ್ತಿದ. ಪರದೆಯ ಮೇಲೆ ಕಂಡದ್ದು ಅವನ ಮುಖ ಮಾತ್ರ.

"ಇದಕ್ಕೆ ಬೆಚ್ಚಗಾಗೋಕೆ ಸ್ವಲ್ಪ ಹೊತ್ತು ಬೇಕು," ಎಂದ.

"ನನ್ನ ಒಲೆ ಥರಾನಾ?" ಎಂದು ಅಡೆಲಾ, ಒಲೆ ಉರಿಯದಿದ್ದಾಗ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು. ಹಿಂದಕ್ಕೆ ಹೋಗಿ, ಅಂದಕ್ಕೆಂದು ಇಟ್ಟಿದ್ದ ದೊಡ್ಡ ರಬ್ಬರ್ ಗಿಡದ ಕುಂಡ ಸರಿಸಿ, ಬಗ್ಗಿ ನೋಡಿದಳು. ಆಮೇಲೆ ಗಿಡದ ಎಲೆಗಳು ಅಲ್ಲಾಡತೊಡಗಿದವು. ಅಡೆಲಾ ನೆಲದ ಮೇಲೆ ಕೂತು ನಗುತ್ತಿದ್ದಳು. ಕೈಯಲ್ಲಿ ದಪ್ಪ ಕೇಬಲ್ಲಿನ ತುದಿ. ಮೆಷಿನ್ನಿನಿಂದ ಹೊರಟ ಕೇಬಲ್ಲು ಎಲ್ಲಿಗೂ ಹೋಗಿರಲಿಲ್ಲ. ಕುಂಡದ ಹಿಂದೆ ಸುರುಳಿ ಸುತ್ತಿಕೊಂಡು, ಬಂದ ದಿನದ ಪ್ಲಾಸ್ಟಿಕ್ಕಿನಲ್ಲೇ ಮಲಗಿತ್ತು.

ಗೇಲನ್‌ಗೆ ಆಗ ನೆನಪಾಯಿತು. ಕರೆಂಟಿನವರು ನೆಲ ಅಗೆಯಬೇಕು ಎಂದಿದ್ದರು. ಮರುವಾರ ಅತಿಥಿಗಳಿದ್ದರು. ಆಮೇಲೆ ನೋಡೋಣ ಎಂದವನು ಅವನೇ. ಮುಂದೆ ಯಾವಾಗಲೂ ಅತಿಥಿಗಳಿದ್ದರು.

"ಪ್ರೂಯಿಟ್ ಸಾಹೇಬ್ರೆ," ಅಡೆಲಾ ಕಣ್ಣೊರೆಸಿಕೊಂಡಳು, "ಇದಕ್ಕೆ ಹೊಟ್ಟೆಗೇ ಹಾಕಿಲ್ವಲ್ಲ ನೀವು!" ಆಮೇಲೆ ನಗು ನಿಂತಿತು. "ಎಮೆಟ್ ಎರಡು ವರ್ಷ ಇದರ ಮುಂದೆ ನಿಂತಿದ್ದ."

"ನೀನು ಬರ್ತೀಯ ತಾನೆ?" ಎಂದ ಗೇಲನ್. ಆ ಹೊತ್ತಿನಲ್ಲಿ ಅವನ ಬಾಯಲ್ಲಿ ಬಂದ ಮಾತು ಅದೊಂದೇ.

"ಬರ್ತೀನಿ. ಕಲಿತಿದ್ದನ್ನ ಹೇಳ್ತೀನಿ."

ಸಮಾರಂಭ ಶುಕ್ರವಾರ ಸಂಜೆ, ಕ್ಯಾಂಟೀನಿನ ಹಜಾರದಲ್ಲಿ. ತಪಸ್ಸುಕಾಲದ ಶುಕ್ರವಾರವಾದ್ದರಿಂದ ಮಾಂಸದ ಬದಲು ಹುರಿದ ಮೀನು, ಕೋಸಿನ ಪಲ್ಯ, ಚಕ್ಕೆಬನ್ನು. ಮುಂದಿನ ಮೇಜುಗಳಲ್ಲಿ ಸಂಘದವರು, ಹಿಂದೆ ಊರಿನವರು ಮತ್ತು ಹುಡುಗರು. ರಾಸ್ಕೋ ಟಿಲರನೂ ಬಂದಿದ್ದ, ಮುಂದಿನ ವರ್ಷ ತನ್ನದು ಎಂಬ ನಗೆ ಹೊತ್ತು. ಗೇಲನ್ ಮೀನು ಮುಟ್ಟಲಿಲ್ಲ. ಅಡೆಲಾ ಏಪ್ರನ್ ತೆಗೆದು ಇಗರ್ಜಿಗೆ ಹಾಕುವ ನೀಲಿ ಕೋಟು ತೊಟ್ಟು ವೇದಿಕೆ ಹತ್ತುವಾಗ ಅವನ ಎರಡೂ ಕೈ ಮೇಜಿನ ಬಟ್ಟೆಯನ್ನು ಹಿಡಿದಿದ್ದವು.

"ನಾನು ಅಡೆಲಾ ಕೂಬಿಚೆಕ್. ಈಗ ನೀವು ತಿಂದ್ರಲ್ಲ ಮೀನು, ಅದನ್ನ ಹುರಿದೋಳು," ಎಂದಳು. "ಆ ಪಟದಲ್ಲಿರೋದು ನಾನೇ. ಪ್ರೂಯಿಟ್ ಸಾಹೇಬ್ರು ನನಗೆ ಏನು ಕಲಿಸಿದ್ರು ಅಂತ ಹೇಳ್ಬೇಕಂತೆ. ಕನ್ನಡಕ ಹಾಕ್ಕೊ ಅಂದ್ರು. ಅಲ್ಲಿ ನೋಡು ಅಂದ್ರು. ಏನೂ ಮುಟ್ಟಬೇಡ ಅಂದ್ರು. ಅಷ್ಟೇ ಕಲಿತೆ. ಭೇದ ಮಾಡಿಲ್ಲ ಅವರು, ಈ ಹುಡುಗರಿಗೆಲ್ಲ ಕಲಿಸಿದ್ದೂ ಅದನ್ನೇ, ನಮ್ಮ ಎಮೆಟ್‌ಗೂ ಅದನ್ನೇ. ಆ ಮೆಷಿನ್‌ಗೆ ಇವತ್ತಿನವರೆಗೆ ಕರೆಂಟು ಕೊಟ್ಟಿಲ್ಲ. ನಂಬಿಕೆ ಇಲ್ದಿದ್ರೆ ಗಿಡದ ಕುಂಡ ಸರಿಸಿ ನೋಡಿ. ಬನ್ನು ಬಿಸಿ ಇರುವಾಗ್ಲೇ ತಿನ್ನಿ."

ಹಿಂದಿನ ಮೇಜುಗಳಲ್ಲಿ ಎಲ್ಲರೂ ತಟ್ಟೆ ನೋಡಿಕೊಂಡರು. ಮುಂದಿನ ಮೇಜುಗಳಲ್ಲಿ ಏನಾಯಿತು ಎಂದರೆ, ನಗು ಎದ್ದಿತು. ಚಪ್ಪಾಳೆ ಎದ್ದಿತು. ಆಮೇಲೆ ಜನರೇ ಎದ್ದರು. ಹಳ್ಳಿಯ ಹಾಸ್ಯ ಎಷ್ಟು ಸೊಗಸು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡಾಕ್ಟರ್ ಬ್ಯಾಲ್ಯೂ ಕಣ್ಣಂಚು ಒತ್ತಿಕೊಂಡು ಮೈಕಿಗೆ ಬಂದು, "ಅಡುಗೆಮನೆಯ ಹೆಣ್ಣುಮಗಳೊಬ್ಬಳನ್ನು ಮೆಷಿನ್ನಿನ ಮುಂದೆ ನಿಲ್ಲಿಸಿದ ಗುರು! ಆಕೆಗೆ ಇಷ್ಟು ಧೈರ್ಯವಾಗಿ ಮಾತಾಡೋದನ್ನೂ ಕಲಿಸಿದಾರೆ, ನೋಡಿ!" ಎಂದಳು. ಇಷ್ಟು ಓದಿದವರ ಕಿವಿಗೆ ನಿಜ ಹೊಗದಿರಲು ಸುಳ್ಳು ಬೇಕಿಲ್ಲ, ಚಪ್ಪಾಳೆ ಸಾಕು. ಅಡೆಲಾ ಅವರನ್ನೆಲ್ಲ ಒಮ್ಮೆ ನೋಡಿದಳು, ಒಲೆಯ ಮೇಲೆ ಉಕ್ಕಿ ಹೋದ ಹಾಲನ್ನು ನೋಡುವ ಹಾಗೆ. ಗಾಜಿನ ಜ್ವಾಲೆಯನ್ನು ಗೇಲನ್‌ನ ಕೈಗೆ ತುರುಕಿ ಒಳಗೆ ಹೋದಳು.

ಗೇಲನ್‌ಗೆ ಉಸಿರು ಮರಳಿತು. ಬನ್ನು ಆರಿ ಕಲ್ಲಾಗುವಷ್ಟು ಹೊತ್ತು ಮಾತಾಡಿದ.

ಮನೆಗೆ ಬಂದು ನೋಡಿದರೆ ಅಗ್ಗಿಷ್ಟಿಕೆಯ ಮೇಲೆ ಗಡಿಯಾರ ನಡೆಯುತ್ತಿತ್ತು.

"ಇದು..." ಎಂದ ಗೇಲನ್.

"ನಮ್ಮಜ್ಜಿ ಜಾಗ ಅದು," ಎಂದಳು ಆರ್ಲಿಸ್. "ಹಿಂದಿನ ಮೇಜಲ್ಲಿ ಕೂತಿದ್ದೆ ನಾನು. ಓಪಲ್ ಪಕ್ಕ. ಅವಳು ನನ್ನ ಕೈ ಹಿಡ್ಕೊಂಡ್ಳು ಗೇಲನ್, ಸಾವಿನ ಮನೇಲಿ ಹಿಡ್ಕೋತಾರಲ್ಲ ಹಾಗೆ. ಅತ್ತೂ ಬಿಡಬಹುದಿತ್ತು. ನಾಚಿಕೆಗೆ ಅಳು ಬರಲಿಲ್ಲ."

"ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದ್ರಲ್ಲ?"

ಆರ್ಲಿಸ್ ದೀಪ ಆರಿಸಿ ಮಲಗಲು ಹೋದಳು. ಜ್ವಾಲೆ ಆ ರಾತ್ರಿ ಊಟದ ಮೇಜಿನ ಮೇಲೆ, ಉಪ್ಪಿನ ಡಬ್ಬಿಯ ಪಕ್ಕ ಉಳಿಯಿತು.

ಮುಂದಿನ ವಾರ ಹುಡುಗರು ಹಳದಿ ಸರಪಳಿ ಕಿತ್ತು ಕಸಕ್ಕೆ ಹಾಕಿದರು. ಗೇಲನ್‌ನ ಜಾಗಕ್ಕೆ ಬಂದ ಹೊಸ ಮೇಷ್ಟರು ನೆಲ ಅಗೆಸಿ ಕರೆಂಟು ಎಳೆಸಿದರು. ನಿವೃತ್ತಿಯಾದ ಮೇಲೆ ಗೇಲನ್ ಒಮ್ಮೆ ನೋಡಲು ಹೋದ. ಮೆಷಿನ್ ಕಿರುಚುತ್ತಿತ್ತು, ಮೈಯೆಲ್ಲ ಎಣ್ಣೆ, ಕಾಲ ಬುಡದಲ್ಲಿ ಉಕ್ಕಿನ ಸುರುಳಿಗಳ ರಾಶಿ. ಎಮೆಟ್ ಸಂಜೆಯ ತರಗತಿಗೆ ಸೇರಿಕೊಂಡು ಮೊಣಕೈವರೆಗೆ ಮಸಿ ಮಾಡಿಕೊಂಡಿದ್ದ. "ಎಷ್ಟು ಗಲೀಜು ಮಾಡಿಟ್ಟಿದೀರಿ," ಎಂದ ಗೇಲನ್. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಯಾರೂ ತಿರುಗಿ ನೋಡಲಿಲ್ಲ.

ಆ ಸೀಮೆಯವರು ಮುಖದ ಮೇಲೆ ಬೈಯುವವರಲ್ಲ. ದಾರಿಯಲ್ಲಿ ಎದುರಾದವರು ಸ್ಟೀರಿಂಗ್ ಮೇಲಿನ ಕೈಯಿಂದ ತೋರುಬೆರಳೊಂದನ್ನು ಎತ್ತುತ್ತಾರೆ. ಅಷ್ಟೇ ನಮಸ್ಕಾರ. ಪರಿಚಯ ಇರಲಿ ಬಿಡಲಿ, ಶತ್ರುವಿಗೂ ಅದು ಸಲ್ಲುತ್ತದೆ. ಗೇಲನ್‌ಗೆ ಆ ಬೆರಳು ಏಳುವುದು ನಿಂತಿತು. ಅವನು ಮೊದಲು ಗಮನಿಸಲಿಲ್ಲ. ಗಮನಿಸಿದಾಗ ಎಲ್ಲರಿಗೂ ಕೀಲುನೋವು ಬಂದಿರಬೇಕು ಎಂದುಕೊಂಡ. ಆರ್ಲಿಸ್ ಜೊತೆಯಲ್ಲಿ ಕೂತಿದ್ದಾಗಲೂ ಏಳದಿದ್ದ ದಿನ, ಅವಳು ಮನೆ ಮಾರಲು ಹೇಳಿಬಂದಳು. ಲಿಂಕನ್ ಪಟ್ಟಣದಲ್ಲಿ ತಂಗಿಯ ಮನೆಯ ಹತ್ತಿರ ಬಾಡಿಗೆಗೆ ಒಂದು ಅಪಾರ್ಟ್‌ಮೆಂಟು ನೋಡಿದಳು. ಬೇರೆ ಬೇಕಾದಷ್ಟಿದ್ದವು. ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ ಎಂಬ ಕಟ್ಟಳೆ ಇದ್ದದ್ದನ್ನೇ ಹುಡುಕಿ ಹಿಡಿದಳು.

ಫಲಕಗಳನ್ನು ಇಗರ್ಜಿಯ ಹಳೆಸಾಮಾನಿನ ಮಾರಾಟಕ್ಕೆ ಕೊಟ್ಟರೆ ಮರುದಿನವೇ ವಾಪಸು ಬಂದವು. ಕೆತ್ತಿದ ಹೆಸರು ಯಾರಿಗೆ ಬೇಕು? ಕೊನೆಗೆ ಮರ್ಲ್ ಕೈಗಾಡಿ ತಂದು ತುಂಬಿಕೊಂಡ.

"ಒಳ್ಳೆ ಆಕ್ರೋಟು ಮರ. ಮೊಲದ ಗೂಡಿಗೆ ನೆಲ ಹಾಕ್ತೀನಿ."

"ಹೆಸರು ಮೇಲೆ ಬರೋ ಹಾಗೆ ಹಾಕ್ತೀಯ ತಾನೆ?" ಎಂದ ಗೇಲನ್.

ಮರ್ಲ್ ಕೈಗಾಡಿಯ ಹಿಡಿ ಎತ್ತಿದ. "ಹಾಕ್ತೀನಪ್ಪ. ಮೊಲಕ್ಕೆ ಓದೋಕೆ ಬರಲ್ಲ, ಏನೂ ತೊಂದರೆಯಿಲ್ಲ."

ಹೊರಡುವ ದಿನ ಸಾಮಾನಿನ ಲಾರಿ ಮುಂದೆ ಹೋಗಿತ್ತು. ಆರ್ಲಿಸ್ ಗಡಿಯಾರವನ್ನು ಕಂಬಳಿಯಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ, ಸ್ಟೀರಿಂಗ್ ಹಿಂದೆ ಕೂತಿದ್ದಳು. ಗೇಲನ್ ಮನೆಯೊಳಗೆ ಕೊನೆಯ ಸಲ ಸುತ್ತಿದ. ಗೋಡೆಗಳ ತುಂಬ ಮೊಳೆಯ ತೂತು, ಸಿಡುಬು ಎದ್ದುಹೋದ ಮುಖದ ಹಾಗೆ. ಗಾಜಿನ ಜ್ವಾಲೆಯನ್ನು ಎದೆಗವಚಿಕೊಂಡು ಹೊರಗೆ ಬಂದ. ಎದುರಿನ ಜಗಲಿಯಲ್ಲಿ ಮರ್ಲ್, ಪಕ್ಕದ ಮನೆಗಳವರು ಕೆಲವರು ನಿಂತಿದ್ದರು. ಓಪಲ್ ರಸ್ತೆ ದಾಟಿ ಬರುತ್ತಿದ್ದಳು. ಗೇಲನ್ ಮೆಟ್ಟಿಲ ಮೇಲೆಯೇ ನಿಂತ. ಕತ್ತಿನ ಪಟ್ಟಿ ಸರಿಮಾಡಿಕೊಂಡ.

"ಗೆಳೆಯರೆ," ಎಂದ, "ನೀವೆಲ್ಲ ಬಂದಿದ್ದಕ್ಕೆ..."

"ಗೇಲನ್," ಎಂದಳು ಓಪಲ್, "ಕ್ರಿಸ್‌ಮಸ್‌ಗೆ ಆಲೂಗಡ್ಡೆ ಹಾಕಿ ಕೊಟ್ಟಿದ್ನಲ್ಲ, ನನ್ನ ಗಾಜಿನ ತಟ್ಟೆ ಎಲ್ಲಿ? ತಳದಲ್ಲಿ ಟೇಪು ಹಚ್ಚಿ ನನ್ನ ಹೆಸರು ಬರೆದಿದೆ."

"ಇಲ್ಲಿದೆ ಓಪಲ್," ಎಂದು ಆರ್ಲಿಸ್ ಕಾರಿನ ಕಿಟಕಿಯಿಂದ ತಟ್ಟೆ ಚಾಚಿದಳು. "ತೊಳೆದಿಟ್ಟಿದೀನಿ. ಬರ್ತೀನಮ್ಮ." ಓಪಲ್ ತಟ್ಟೆ ಇಸಿದುಕೊಂಡು, ಆ ಕೈಯನ್ನೂ ಒಂದು ಗಳಿಗೆ ಹಿಡಿದಳು.

ಎದುರಿನ ಜಗಲಿಯಲ್ಲಿ ಮರ್ಲ್ ಕಾರಿನತ್ತ ನೋಡಿ ತೋರುಬೆರಳು ಎತ್ತಿದ. ಗೇಲನ್ ಅದನ್ನು ಕಂಡ. ಮುಖ ಅರಳಿತು. ಜ್ವಾಲೆಯನ್ನು ಒಂದು ಕಂಕುಳಿಗೆ ಸೇರಿಸಿ, ಇನ್ನೊಂದು ತೋಳನ್ನು ಪೂರ್ತಿ ಮೇಲೆತ್ತಿ, ತುಂಬಿದ ಸಭೆಗೆ ಬೀಸುವಂತೆ ಬೀಸಿದ.

ಕಾರಿನೊಳಗೆ ಆರ್ಲಿಸ್ ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿ ಮರ್ಲ್‌ಗೆ ಉತ್ತರ ಕೊಟ್ಟಳು. ಆಮೇಲೆ ಗಂಡನಿಗಾಗಿ ಹಾರನ್ ಒತ್ತಿದಳು. ಅವನು ಇನ್ನೂ ಬೀಸುತ್ತಲೇ ಮೆಟ್ಟಿಲಿಳಿದ.